ಕೂಗಳತೆ

ವೈರು ಹಿಡಿಯುವುದು ನನ್ನ ಕೆಲಸ.
ಹೆಡ್‌ಸೆಟ್ ತೊಟ್ಟವರ ಹಿಂದೆ ಎರಡು ಹೆಜ್ಜೆ ಬಿಟ್ಟು
ನಡೆಯುತ್ತೇನೆ, ಕರುವಿನ ಹಗ್ಗ ಹಿಡಿದವನಂತೆ,
ಅವರು ಎಡವದಂತೆ, ಗೋಡೆಗೆ ಹಾಯದಂತೆ.

ಗ್ರೋನಿಂಗನ್ನಿನ ಹಳೇ ಶಾಲೆಯ ವ್ಯಾಯಾಮದ ಮನೆ.
ನೆಲದ ಮೇಲೆ ಇನ್ನೂ ಬ್ಯಾಸ್ಕೆಟ್‌ಬಾಲಿನ ಗೆರೆಗಳು,
ಕಿಟಕಿಗೆ ಕಪ್ಪು ಪರದೆ, ಹೊರಗೆ ಮಾರ್ಚಿಯ ಆಲಿಕಲ್ಲು.
ಹೆಡ್‌ಸೆಟ್ಟಿನ ಒಳಗೆ ಮಾತ್ರ ಬೇಸಗೆ:
ಮಟ್ಟಸ ಹುಲ್ಲು, ಒಂದು ಕೆಂಪು ಚೆಂಡು,
ಮತ್ತೇನಿಲ್ಲ.

ಫೆನ್ನಾ ಹೇಳುತ್ತಾಳೆ: ಚೆಂಡು ನೋಡಿ. ಸಾಕಾಗುವಷ್ಟು ನೋಡಿ.
ಈಗ ಕತ್ತಲೆ ಮಾಡುತ್ತೇನೆ. ಅಲ್ಲಿಗೆ ನಡೆದು ಹೋಗಿ,
ತಲುಪಿದೆ ಅನಿಸಿದಾಗ ನಿಲ್ಲಿ.

ಎಲ್ಲರೂ ಮೊದಲೇ ನಿಲ್ಲುತ್ತಾರೆ.
ಹತ್ತು ಮೀಟರಿನ ಚೆಂಡಿಗೆ ಏಳು, ಆರೂವರೆ.
ಅಂಚೆಯವನೊಬ್ಬ ಆರಕ್ಕೇ ನಿಂತು ಕೈ ಚಾಚಿದ,
ಕಾಗದ ಕೊಡುವ ಹಾಗೆ.
ನಿಂತಲ್ಲಿ ನಾನು ಬಗ್ಗಿ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ.
ಅದೇ ಜನ, ಬೇರೆ ದಿನ, ನಿಜದ ಚೆಂಡು ತೋರಿಸಿ ಕಣ್ಣು ಕಟ್ಟಿದರೆ
ಗೇಣು ಹೆಚ್ಚುಕಡಿಮೆಯಾಗದೆ ಮುಟ್ಟಿಬಿಡುತ್ತಾರೆ.
ಯಾಕೆ ಅಂದರೆ ಫೆನ್ನಾ ಹತ್ತಿರ ಏಳೆಂಟು ಉತ್ತರಗಳಿವೆ.
ಏಳೆಂಟಿದ್ದರೆ ಒಂದೂ ಇಲ್ಲ ಅಂತಲೇ, ಎನ್ನುತ್ತಾಳೆ.

ಗುರುವಾರ ವೀಪ್ಕೆ ಬಂದಳು. ಎಪ್ಪತ್ತೊಂದು ವರ್ಷ,
ಅದರಲ್ಲಿ ನಲವತ್ತು ಎತ್ತುವ ಸೇತುವೆ ಕಾದದ್ದು.
ದೋಣಿ ಬಂದರೆ ಸೇತುವೆ ಎತ್ತಿ,
ಗಾಳದ ಕೋಲಿಗೆ ಕಟ್ಟಿದ ಒಂಟಿ ಮರದ ಮೆಟ್ಟನ್ನು ಬೀಸಿ
ಸುಂಕ ಕೇಳುವವಳು. ದೋಣಿ ನಿಲ್ಲುವುದಿಲ್ಲ;
ಮೆಟ್ಟು ಹೋಗಿ ನಾವಿಕನ ಎದೆಮಟ್ಟಕ್ಕೇ ನಿಲ್ಲಬೇಕು.
"ನಲವತ್ತು ವರ್ಷಕ್ಕೆ ನೀರಿಗೆ ಬಿದ್ದದ್ದು ಎರಡು ನಾಣ್ಯ.
ಅದರಲ್ಲೊಂದು ಕುಡುಕನದು."

ಅವಳೂ ಏಳಕ್ಕೆ ನಿಂತಳು.

ಗೀಟು ತೋರಿಸಿದೆ. ಸುಮ್ಮನೆ ನೋಡಿದಳು,
ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟಾಗ ನೋಡುವ ಹಾಗೆ.
ಇನ್ನೊಮ್ಮೆ, ಅಂದಳು.

ಇನ್ನೊಮ್ಮೆ ಹುಲ್ಲು, ಚೆಂಡು. ತಲೆ ಬಗ್ಗಿಸಿ
ತನ್ನ ಕಾಲು ಹುಡುಕಿದಳು. ಇರಲಿಲ್ಲ.
ಕೈಯನ್ನು ಮುಖದ ಮುಂದೆ ತಂದಳು. ಕೈಯೂ ಇಲ್ಲ.
"ನಾನೇ ಇಲ್ಲದ ಕಡೆ ಯಾರಿಂದ ಹಿಡಿದು ಅಳೆಯಲಿ?
ಗಾಳಿಯೂ ಇಲ್ಲವಲ್ಲ ಇಲ್ಲಿ."
ಆಮೇಲೆ, ಯಾರೂ ಹೇಳದೆಯೇ, ಎರಡೂ ಕೈ ಬಾಯಿಗೆ ಒಡ್ಡಿ
ಮಂಜಿನಲ್ಲಿ ಬರುವ ದೋಣಿಗೆ ಕೂಗುವ ಕೂಗು ಕೂಗಿದಳು:
ಓ... ಹೋಯ್!

ಬಯಲಿನಲ್ಲಿ ಕೂಗಿದ್ದು ಮರಳಬಾರದು.
ಮರಳಿತು,
ಇಟ್ಟಿಗೆಗೆ ಬಡಿದು, ಹಗ್ಗದೇಣಿಗಳ ಸಂದಿಯಲ್ಲಿ ತೂರಿ.
ನನ್ನ ಕೈಯ ವೈರು ಒಮ್ಮೆ ಜಗ್ಗಿತು.
"ಗೊತ್ತಾಯಿತು ಬಿಡಿ. ಕಣ್ಣಿಗೆ ಬಯಲು ತೋರಿಸುತ್ತೀರಿ,
ಕಿವಿಗೆ ಗೋಡೆ ಕಾಣುತ್ತದೆ.
ಕಾಲು ಕಿವಿಯ ಮಾತು ಕೇಳಿತು."

ಫೆನ್ನಾ ಬರೆದುಕೊಂಡಳು. ಬರೆದದ್ದನ್ನು ಹೊಡೆದುಹಾಕಿದಳು.
ಕಿವುಡರೂ ಮೊದಲೇ ನಿಂತಿದ್ದಾರಲ್ಲ,
ಅಂದಳು, ನನಗೆ ಮಾತ್ರ ಕೇಳುವಂತೆ.

ಮುಂದಿನ ವಾರ ಅವಳಿಗೆ ಕಾಲು ಬರೆದುಕೊಟ್ಟರು,
ಹಳದಿ ಮರದ ಮೆಟ್ಟಿನ ಸಮೇತ, ತಮಾಷೆಗೆ.
ಬಗ್ಗಿ ನೋಡಿ ನಕ್ಕಳು. ಎಡಗಾಲು ಕುಣಿಸಿದಳು,
ಅದೂ ಕುಣಿಯಿತು.
ಎಂಟೂವರೆ ನಡೆದಳು.

ಉಳಿದ ಒಂದೂವರೆಯ ಬಗ್ಗೆ ಏನೂ ಅನ್ನಲಿಲ್ಲ.
ಕೋಟು ಹಾಕಿಕೊಂಡು ಬಾಗಿಲಿನ ಹಿಡಿಗೆ ಕೈ ಚಾಚಿದಳು;
ಹಿಡಿ ಸಿಗಲು ಒಂದು ಬೆರಳಷ್ಟಿರುವಾಗಲೇ
ಮುಷ್ಟಿ ಮುಚ್ಚಿತು.
ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

ಸಂಜೆ ನೆಲ ಒರೆಸುವವನೂ ನಾನೇ.
ಗೋಡೆಯಿಂದ ಏಳರ ತನಕ ಹೆಜ್ಜೆ, ಕೆಸರು, ಸುಣ್ಣದ ಗೀಟು.
ಎಂಟೂವರೆಯಲ್ಲಿ ಒಂದೇ ಒಂದು.
ಅದರಾಚೆ ನೆಲ ಹಾಗೇ ಇದೆ,
ಎಲ್ಲರೂ ನೋಡಿದ್ದು, ಯಾರೂ ಮೆಟ್ಟದ್ದು.
ಆದರೂ ಒರೆಸುತ್ತೇನೆ. ಬಕೆಟ್ಟು ಒಯ್ದು
ಚೆಂಡು ಇದ್ದಲ್ಲಿ, ಅಂದರೆ ಇರದಿದ್ದಲ್ಲಿ, ಇಟ್ಟು
ತಿರುಗಿ ನಿಲ್ಲುತ್ತೇನೆ. ಬಾಗಿಲು ಎಷ್ಟು ದೂರ?
ಕೂಗಿ ನೋಡಬೇಕು ಅನಿಸುತ್ತದೆ.
ಕಾವಲಿನವನು ಓಡಿ ಬಂದಾನು ಅಂತ
ಕೂಗುವುದಿಲ್ಲ.